ಕೆಂಪು ದೀಪದ ಮಾತು

ಹೋದ ಮಳೆಗಾಲದಲ್ಲಿ ಹಾಸನದಿಂದ ಚಿಕ್ಕಪ್ಪ ತಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಮೈಸೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದರು. ರಾತ್ರಿ ಊಟ ಮುಗಿಸಿ ಕಾರನ್ನು ಚಾರ್ಜಿಗೆ ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಬೆಳಗ್ಗೆ ಏಳಕ್ಕೆ ಅವರು ಹೊರಡಬೇಕಿತ್ತು. “ನಮ್ಮನೇಲಿ ಒಂದಿನಾನೂ ಹೀಗಾಗಿಲ್ಲ ಕಣೋ” ಎನ್ನುತ್ತ ಬಾನೆಟ್ ಎತ್ತಲು ಹೋದರು. ನಾನು ತಡೆದೆ. ಒಳಗಿನ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲೂ ಕೆಪಾಸಿಟರುಗಳು ಖಾಲಿಯಾಗಲು ಕಂಪನಿ ಹೇಳಿದಷ್ಟು ಹೊತ್ತು ಕಾಯಬೇಕು. ಅದು ತರಬೇತಿ ಪಡೆದವರ ಕೆಲಸ. ನಮ್ಮಂಥವರು ಹೊರಗಿನಿಂದ ಶುರು ಮಾಡಬೇಕು: ಮೊದಲು ಗೋಡೆಯ ಸಾಕೆಟ್, ಆಮೇಲೆ ಕೇಬಲ್, ಕೊನೆಗೆ ಕಾರು.

ಪರಿಚಯದ ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟು ನೋಡಿದ. “ಅರ್ಥಿಂಗೇ ಇಲ್ಲ ಸಾರ್, ಅದಕ್ಕೇ ಚಾರ್ಜರ್ ತಗೋತಿಲ್ಲ. ಸಾಕೆಟ್ಟಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ಲೂಪ್ ಹಾಕ್ಬಿಡ್ತೀನಿ, ಐದು ನಿಮಿಷ” ಎಂದ.

ಚಿಕ್ಕಪ್ಪ ನನ್ನ ಮುಖ ನೋಡಿದರು. ಒಂದು ರಾತ್ರಿ ತಾನೆ, ಹಾಕಲಿ ಎಂದೆ. ಅವನು ವೈರ್ ಸುಲಿಯುತ್ತಿದ್ದಾಗ, ನ್ಯೂಟ್ರಲ್ ಎಲ್ಲಾದರೂ ಕಟ್ಟಾದರೆ ಏನಾಗುತ್ತದೆ ಎಂದು ಸುಮ್ಮನೆ ಕೇಳಿದೆ. “ಕಾರಿನ ಮೈಗೆ ಕರೆಂಟ್ ಬರುತ್ತೆ. ಆದ್ರೆ ಯಾವಾಗ್ಲೂ ಹಂಗಾಗಲ್ಲ ಬಿಡಿ.”

ಕಾರು ನಿಂತಿದ್ದದ್ದು ಓನರ್ ಮೊಮ್ಮಗಳು ಸೈಕಲ್ ತುಳಿಯುವ ಅಂಗಳದಲ್ಲಿ. ಆ “ಯಾವಾಗ್ಲೂ ಆಗಲ್ಲ” ಎಂಬ ಮಾತಿನ ಲಾಭ ನಮ್ಮದು, ಅದು ಸುಳ್ಳಾದ ದಿನದ ನಷ್ಟ ಅವಳದು. ಬೇಡ ಎಂದೆ. ಚಿಕ್ಕಪ್ಪ ಗೊಣಗುತ್ತಲೇ ಊರಾಚೆಯ ಚಾರ್ಜಿಂಗ್ ಸ್ಟೇಷನ್ನಿಗೆ ಹೋಗಿ, ನಡುರಾತ್ರಿ ದಾಟಿದ ಮೇಲೆ ಬಂದರು.

ನನ್ನನ್ನು ಕಾಡಿದ್ದು ಇನ್ನೊಂದು. ಆ ಲೂಪ್ ಹಾಕಿದ್ದರೆ ಚಾರ್ಜರ್ ಮಾತ್ರವಲ್ಲ, ಮೀಟರ್ ಕೂಡ ಒಪ್ಪುತ್ತಿತ್ತು. ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟ್, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಸೊನ್ನೆ: ಲೆಕ್ಕ ಸರಿ. ದೋಷ ಇದ್ದಲ್ಲೇ ಇರುತ್ತಿತ್ತು, ಹೋಗುತ್ತಿದ್ದದ್ದು ಅದನ್ನು ಹೇಳುವ ಬಾಯಿ. ರಿಪೇರಿ ಎಂದು ನಾವು ಎಷ್ಟೋ ಸಲ ಕರೆಯುವುದು ಸಾಕ್ಷಿಯ ಬಾಯಿ ಮುಚ್ಚಿಸುವುದನ್ನೇ.

ಮರುದಿನ ಅದೇ ಎಲೆಕ್ಟ್ರಿಷಿಯನ್ ಸರಿಯಾದ ರಿಪೇರಿಗೆ ಬಂದ. ಮೊದಲು ಕರೆಂಟಿರುವ ಕಡೆ ಮೀಟರ್ ಇಟ್ಟು ನೋಡಿದ. ಮೇನ್ ಆಫ್ ಮಾಡಿ ಬೋರ್ಡಿನಲ್ಲಿ ನೋಡಿದ, ಸೊನ್ನೆ. ಮತ್ತೆ ಕರೆಂಟಿರುವ ಕಡೆ ಹೋಗಿ ನೋಡಿದ. ಯಾಕೆ ಎಂದರೆ, “ಸೊನ್ನೆ ತೋರ್ಸಿದ್ದು ಕರೆಂಟ್ ಇಲ್ದೇನೋ, ಮೀಟರ್ ಕೆಟ್ಟೋ, ಗೊತ್ತಾಗ್ಬೇಕಲ್ಲ ಸಾರ್” ಎಂದ.

ನಾನು ಪಿಎಚ್‌ಡಿಗೆ ಓದುತ್ತಿರುವುದು ಪ್ರಮಾಣಶಾಸ್ತ್ರ. ಕುಮಾರಿಲ ಭಟ್ಟನ ಪಂಥದವರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆ ಇಲ್ಲ ಎನ್ನುವಂತಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಅದು ಯೋಗ್ಯಾನುಪಲಬ್ಧಿ. ಎರಡು ವರ್ಷ ಪುಸ್ತಕದಲ್ಲಿ ಓದಿದ್ದನ್ನು ಅವನು ಮೂರು ಸಲ ಮೀಟರ್ ಇಟ್ಟು ತೋರಿಸಿದ್ದ. ಇಷ್ಟು ಎಚ್ಚರ ಗೊತ್ತಿದ್ದವನೇ ಹಿಂದಿನ ರಾತ್ರಿ ಲೂಪ್ ಹಾಕಲು ಹೊರಟಿದ್ದ ಎಂಬುದನ್ನೂ ಮರೆಯಲಾರೆ. ಅವನಿಗೆ ತಿಳಿವಳಿಕೆ ಕಡಿಮೆಯಿರಲಿಲ್ಲ. ಅವಸರ ನಮ್ಮದಾಗಿತ್ತು, ಹಾಕು ಎಂದವನು ನಾನು.

ಮೀಟರ್ ಬೋರ್ಡಿನ ಹಿಂದೆ ಹಸಿರು ವೈರ್ ತುಂಡಾಗಿತ್ತು. ಎಷ್ಟು ವರ್ಷದಿಂದಲೋ. ಅಷ್ಟೂ ಕಾಲ ಗೀಸರ್, ಫ್ರಿಜ್, ಗ್ರೈಂಡರ್ ಎಲ್ಲವೂ ಅರ್ಥ್ ಇಲ್ಲದೆಯೇ ನಡೆದಿದ್ದವು. ಅವು ಯಾವುವೂ ಏನನ್ನೂ ಕೇಳಿರಲಿಲ್ಲ, ನಾವು ಅವನ್ನು ಒಳ್ಳೆಯವೆಂದುಕೊಂಡಿದ್ದೆವು. ಒಲ್ಲೆ ಎಂದದ್ದು ಚಾರ್ಜರ್ ಒಂದೇ. ಕೆಟ್ಟಿದೆ ಎಂದು ನಾವು ಬೈದದ್ದೂ ಅದನ್ನೇ.