ಮೂರು ನಿಮಿಷದ ಮನೆ

ಪರೀಕ್ಷೆಯಲ್ಲಿ ಕಟ್ಟಿ ಹೇಳಿದ ಮಾತು ಸುಳ್ಳಾಗುತ್ತದೆಯೇ? ದೆಹಲಿಯಲ್ಲಿ ಸ್ಪ್ಯಾನಿಷ್ ಮಾತಿನ ಪರೀಕ್ಷೆಗೆ ತಯಾರಿ ನಡೆಸುವಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಸ್ಪೇನ್ ಸರ್ಕಾರದ ಸರ್ವಾಂಟೆಸ್ ಸಂಸ್ಥೆ ಇಲ್ಲಿ 2009ರಲ್ಲಿ ಶುರುವಾಯಿತು. ಅದರ ಡೆಲೆ ಪರೀಕ್ಷೆಯ ಬಿ1 ಹಂತದಲ್ಲಿ ಮಾತಿಗೆ 15 ನಿಮಿಷ, ಅದಕ್ಕೆ ಮುಂಚೆ ತಯಾರಿಗೆ 15 ನಿಮಿಷ. ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಸುಮ್ಮನೆ ಕೂತು ಅಂಕ ಹಾಕುತ್ತಾರೆ. ಮೊದಲು ಕೊಟ್ಟ ವಿಷಯದ ಮೇಲೆ ಎರಡು-ಮೂರು ನಿಮಿಷ ನಾವೊಬ್ಬರೇ ಮಾತಾಡಬೇಕು. ಕೇಳುವ ಭಾಗ, ಮಾತಾಡುವ ಭಾಗ ಎರಡೂ ಸೇರಿ 50ಕ್ಕೆ 30 ಬರಲೇಬೇಕು.

ಜೊತೆಗೆ ಅಭ್ಯಾಸ ಮಾಡುತ್ತಿದ್ದ ಹುಡುಗನೊಬ್ಬ ಕೇಳಿದ: "ಅಂಕಲ್, ನನಗೆ ಅಣ್ಣ ಇಲ್ಲ. ಇದ್ದಾನೆ ಅಂತ ಹೇಳಲಾ? ಆ ವಾಕ್ಯ ಸರಾಗವಾಗಿ ಬರುತ್ತೆ." ಹೇಳಪ್ಪಾ ಅಂದೆ. ಪರೀಕ್ಷಕರಿಗೆ ಬೇಕಾದದ್ದು ಅವನ ವಂಶವೃಕ್ಷವಲ್ಲ, ಅವನ ಕ್ರಿಯಾಪದಗಳು. ಇಲ್ಲದ ಅಣ್ಣನಿಂದ ಯಾರಿಗೂ ಮೋಸವಿಲ್ಲ. ಆದರೆ ಬೇರೆಯವರು ಬರೆದುಕೊಟ್ಟ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಹಾಗಲ್ಲ. ಡೆಲೆ ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ. ಅದೊಂದು ಚೆಕ್ಕು ಇದ್ದ ಹಾಗೆ. ಕೈಗೆ ಬಂದವರು ಖಾತೆಯಲ್ಲಿ ಹಣವಿದೆ ಎಂದೇ ನಂಬುತ್ತಾರೆ. ಖಾತೆ ಖಾಲಿಯಿದ್ದರೆ ನಷ್ಟ ನಂಬಿದವರಿಗೆ.

ಇಷ್ಟು ಲೆಕ್ಕ ನನಗೆ ಸುಲಭವಾಗಿಯೇ ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಇನ್ನೊಂದು: "ನಿಮ್ಮ ಮನೆಯನ್ನು ವಿವರಿಸಿ." ಧಾರವಾಡದ ಮನೆಯನ್ನು ಹೇಳಹೊರಟೆ. ಅಂಗಳ 'ಪಾತಿಯೊ' ಆಯಿತು. ಪಡಸಾಲೆ 'ಸಾಲಾ' ಆಯಿತು; ಕಿವಿಗೆ ನೆಂಟರಂತೆ ಕೇಳಿದರೂ ಎರಡಕ್ಕೂ ಸಂಬಂಧವಿಲ್ಲ. ಹಿತ್ತಲು, ಅಟ್ಟ, ದೇವರ ಕೋಣೆ ಬಿಟ್ಟೇಹೋದವು. ಗೊತ್ತಿರುವ ಶಬ್ದಗಳಲ್ಲೇ ಮುಗಿಸಿ, ತೊಡಕಿನದನ್ನು ಬಿಡಿ ಎನ್ನುವುದು ಪರೀಕ್ಷೆಗೆ ಒಳ್ಳೆಯ ಸಲಹೆಯೇ. ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ಅದು ನಮ್ಮ ಮನೆಯಲ್ಲ.

ಯೋಚಿಸಿದರೆ, ಊರು ಬಿಟ್ಟ ನಾವೆಲ್ಲ ಯಾವ ಪರೀಕ್ಷೆಯೂ ಇಲ್ಲದೆ ಹೀಗೇ ಉತ್ತರಿಸುತ್ತ ಬಂದಿದ್ದೇವೆ. ಎಲ್ಲಿಯವರು ಅಂತ ಕೇಳಿದರೆ "ಬೆಂಗಳೂರು ಕಡೆ" ಅಂದುಬಿಡುತ್ತೇವೆ. ಧಾರವಾಡಕ್ಕೂ ಬೆಂಗಳೂರಿಗೂ 400 ಕಿಲೋಮೀಟರಿಗೂ ಹೆಚ್ಚು ದೂರ. ಕೇಳಿದವರಿಗೆ ಅಷ್ಟು ಸಾಕು, ಅವರು ತಮ್ಮ ಪಾಡಿಗೆ ಹೋಗುತ್ತಾರೆ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಮಕ್ಕಳು ಮಾತ್ರ ಎಲ್ಲೂ ಹೋಗುವುದಿಲ್ಲ. ಊರನ್ನು ಕಾಣದೆ ಬೆಳೆದವರಿಗೆ ಆ ಮೊಟಕು ಉತ್ತರವೇ ಪೂರ್ತಿ ಊರಾಗಿಬಿಡುತ್ತದೆ.

ಹಾಗಾಗಿ, ಮಾತು ನಿಜವೇ ಎಂದು ಕೇಳಿಕೊಂಡರಷ್ಟೇ ಸಾಲದು. ಯಾರಿಗೆ ಹೇಳುತ್ತಿದ್ದೇವೆ, ಅವರಿಗೆ ನಾವು ಎಷ್ಟು ಬಾಕಿ ಇದ್ದೇವೆ ಅನ್ನುವುದನ್ನೂ ಕೇಳಿಕೊಳ್ಳಬೇಕು ಅನ್ನಿಸ್ತದೆ. ಪರೀಕ್ಷಕರಿಗೆ ಪಡಸಾಲೆಯನ್ನು 'ಸಾಲಾ' ಅಂದರೆ ತಪ್ಪೇನಿಲ್ಲ. ಮನೆಯ ಮಕ್ಕಳಿಗೆ ಪಡಸಾಲೆ ಅಂತಲೇ ಹೇಳಬೇಕು. ಅಲ್ಲಿ ಯಾರು ಮಲಗುತ್ತಿದ್ದರು, ಯಾರ ಎದುರಿಗೆ ಯಾರು ಕೂರುತ್ತಿರಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕು. ಅದಕ್ಕೆ ಮೂರು ನಿಮಿಷ ಸಾಲುವುದಿಲ್ಲ.