ಡಬ್ಬಿಯ ಸದ್ದು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದ ಜನ ದಣಿದು ಮಲಗಿದ್ದಾಗ, ಮರಾಠವಾಡದ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲ್ಲು ಮಣ್ಣಿನ ಗೋಡೆಗಳು ಮಲಗಿದವರ ಮೇಲೆಯೇ ಕುಸಿದು ಹತ್ತು ಸಾವಿರದಷ್ಟು ಜನ ತೀರಿಕೊಂಡರು. ನಾನಾಗ ಬೈಲಹೊಂಗಲದಲ್ಲಿ ಕಾಲೇಜು ಓದುತ್ತಿದ್ದೆ. ನಾವು ಆರು ಜನ ಗೆಳೆಯರು ಡಾಲ್ಡಾ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು, ಮೈಗೆ ಬಿಳಿ ಹಾಳೆ ಅಂಟಿಸಿ, ಬಜಾರಕ್ಕೆ ಇಳಿದೆವು.

ಡಬ್ಬಿಯೊಳಗೆ ಮೊದಲೇ ನಾಲ್ಕು ನಾಣ್ಯ ಹಾಕಿಕೊಂಡಿದ್ದೆವು. ಸದ್ದು ಬೇಕಲ್ಲ! ಒಂದು ಅಂಗಡಿಯವ ಐದು ರೂಪಾಯಿ ಹಾಕಿದರೆ ಮುಂದಿನ ಅಂಗಡಿಯಲ್ಲಿ ಅದನ್ನು ಹೇಳುವುದು, ಅವನು ನಾಚಿ ಹತ್ತು ತೆಗೆಯುವುದು, ಇದೆಲ್ಲ ಅರ್ಧ ತಾಸಿನಲ್ಲೇ ನಮಗೆ ಕರಗತವಾಯಿತು. ಕಾಯಿಪಲ್ಲೆ ಮಾರುವ ಒಬ್ಬ ಮುದುಕಿ ಮಾತ್ರ, ‘ಎಂಟಾಣೆ ಹಾಕ್ತೀನಿ, ಮೊದಲ ಅದನ್ನ ಅಲ್ಲಾಡಸೂದು ಬಿಡು. ಸತ್ತ ಮನಿ ಸುದ್ದಿ ಹೇಳಾಕ ಬಂದಿಯೋ, ಗೊಂಬಿ ಮಾರಾಕ ಬಂದಿಯೋ?’ ಎಂದಳು. ನಾವು ನಕ್ಕು ಮುಂದೆ ಹೋದೆವು.

ಸಂಜೆಗೆ ಕಾಲು ಸೋತಿದ್ದವು. ಮುಂಜಾನೆ ಮನೆಯಲ್ಲಿ ತಿಂದ ರೊಟ್ಟಿ ಎಂದೋ ಕರಗಿತ್ತು. ಯಾರ ಕಿಸೆಯಲ್ಲೂ ರೊಕ್ಕವಿರಲಿಲ್ಲ. ಇದ್ದ ರೊಕ್ಕವೆಲ್ಲ ಡಬ್ಬಿಯಲ್ಲಿತ್ತು. ಮಿರ್ಚಿ ಭಜಿ, ಚಹಾ, ಆರು ಜನಕ್ಕೆ ಹದಿನೆಂಟು ರೂಪಾಯಿ. ಐವರು ತಿಂದೆವು. ಆರನೆಯವನು ತನ್ನ ಪ್ಲೇಟು ಮುಂದಿಟ್ಟುಕೊಂಡು, ‘ತಿನ್ನೂದು ತಪ್ಪಲ್ಲೋ. ಲೆಕ್ಕದಾಗ ಬರೀರಿ, ಭಜಿ ಚಹಾ ಹದಿನೆಂಟು ರೂಪಾಯಿ ಅಂತ. ನಾನೂ ತಿಂತೀನಿ’ ಎಂದ. ಬರೆಯಲು ಯಾರಿಗೂ ಕೈ ಬರಲಿಲ್ಲ. ಕಿಲ್ಲಾರಿಯ ಹೆಸರಿನ ಹಾಳೆಯ ಮೇಲೆ ಭಜಿಯ ಲೆಕ್ಕ ಬರೆಯುವುದು ಹೇಗೆ? ಅವನ ಪ್ಲೇಟಿನ ಭಜಿಯನ್ನೂ ನಾವೇ ಹಂಚಿಕೊಂಡೆವು. ಉಳಿದದ್ದನ್ನು ಮರುದಿನ ಒಪ್ಪಿಸಿದಾಗ ಎಲ್ಲರೂ ನಮ್ಮನ್ನು ಹೊಗಳಿದರು.

ಹದಿನೆಂಟು ರೂಪಾಯಿ ಏನು ಮಹಾ ಎನ್ನಬಹುದು. ದಿನವಿಡೀ ದುಡಿದವರಿಗೆ ಒಂದು ಹೊತ್ತಿನ ಫಳಾರ ಸಲ್ಲಬೇಕಾದದ್ದೇ, ನಾನೂ ಹಾಗೇ ವಾದಿಸುತ್ತ ಬಂದಿದ್ದೇನೆ. ಆದರೆ ಸಲ್ಲಬೇಕಾದದ್ದನ್ನು ಬರೆಯಲು ನಾಚಿಕೆಯೇಕಾಯಿತು? ಆ ಪ್ರಶ್ನೆಗೆ ನನ್ನ ಬಳಿ ಈಗಲೂ ಒಳ್ಳೆಯ ಉತ್ತರವಿಲ್ಲ.

ನಮ್ಮ ಸೀಮೆಗೆ ಬೇಡುವುದು ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಭಕ್ತರು ಉಳ್ಳವರಾದರೂ ಐದು ಮನೆಗೆ ಹೋಗಿ ಜೋಗ ಬೇಡುತ್ತಾರೆ. ಅಲ್ಲಿ ಬೇಡುವವನ ತಲೆ ತಗ್ಗಬೇಕು, ಅದಕ್ಕಾಗಿಯೇ ಆ ಹರಕೆ. ಇಳಕಲ್ಲಿನ ಮಹಾಂತ ಅಪ್ಪಗಳು 1975ರಿಂದ ಜೋಳಿಗೆ ಹಿಡಿದು ಜನರ ಚಟಗಳನ್ನೇ ಬೇಡಿದರು. ಅದೇ ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು ಬೇಡಿಸಿಕೊಳ್ಳಲೂ ಇಲ್ಲ. 1906ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನು ಹುಡುಗರ ಓದಿಗೆಂದು ಬರೆದಿಟ್ಟು ಹೋದರು. ಅದರಿಂದ ಓದಿದವರು ಅವರ ಮುಂದೆ ಕೈಕಟ್ಟಿ ನಿಲ್ಲುವ ಪ್ರಸಂಗವೇ ಬರಲಿಲ್ಲ. ಬಸವಣ್ಣನವರ ಕಾಲದ ಶರಣರು ದಾನವೆನ್ನದೆ ದಾಸೋಹವೆಂದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ.

ನಮ್ಮ ಕಾಲೇಜು ಹುಡುಗರ ಸೇವೆ ಇವೆರಡರ ನಡುವೆ ಎಲ್ಲೋ ಇದೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಗೆ ‘ನಾನಲ್ಲ, ನೀನು’ ಎಂಬರ್ಥದ ಧ್ಯೇಯವಾಕ್ಯವಿದೆ. ವರ್ಷಕ್ಕೆ 120 ತಾಸು ಎಂಬ ಲೆಕ್ಕವೂ ಇದೆ. ತಾಸು ಎಣಿಸಿ ಮಾಡಿದ್ದು ಸೇವೆಯೇ ಎಂದು ಕೊಂಕು ನುಡಿಯುವವರಿದ್ದಾರೆ. ನಾನು ಆ ಕಡೆಯವನಲ್ಲ. ಸರ್ಟಿಫಿಕೇಟಿಗಾಗಿ ಬಳಿದರೂ ಗಟಾರ ಸ್ವಚ್ಛವೇ ಆಗುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಗೆಳೆಯರ ಕೂಟಗಳೂ ಹೀಗೆಯೇ ಚಂದಾ ಎತ್ತುತ್ತವಂತೆ. ಗೆಳೆತನದ ಹುಮ್ಮಸ್ಸಿಲ್ಲದೆ ಹರೆಯದ ಹುಡುಗರು ಬಿಸಿಲಲ್ಲಿ ತಿರುಗುವುದಿಲ್ಲ, ಎಲ್ಲಿಯೂ.

2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿತು. ರಾಮದುರ್ಗದ ಕಡೆ, ಹೊಳೆದಂಡೆಯ ಹಳ್ಳಿಯಲ್ಲಿದ್ದ ನನ್ನ ಅಕ್ಕನ ಮನೆಯೂ ಮುಳುಗಿತು. ನಾನು ಹೋಗುವಷ್ಟರಲ್ಲಿ ಅವಳು ಸಾಲಿ ಮನೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿದ್ದಳು. ಅಲ್ಲಿಗೆ ಒಂದು ಕಾಲೇಜಿನ ಹುಡುಗರು ಟೆಂಪೋದಲ್ಲಿ ಸೀರೆ, ಚಾದರ ತಂದರು. ಬ್ಯಾನರು ಕಟ್ಟಿದರು. ಪ್ರತಿ ಹೆಣ್ಣುಮಗಳೂ ಪೊಟ್ಟಣ ಹಿಡಿದು ಮೊಬೈಲಿನತ್ತ ನೋಡಬೇಕು. ಅಕ್ಕ ಸೆರಗು ಎಳೆದುಕೊಂಡಳು.

‘ಸೀರಿ ಚಲೋ ಐತಿ ತಮ್ಮಾ’ ಎಂದಳು ಆಮೇಲೆ. ‘ಫೋಟೋ ಹಿಡಿಯೂಮುಂದ ನಗಬೇಕೋ ಅಳಬೇಕೋ ತಿಳೀಲಿಲ್ಲ ನೋಡು.’

ನನಗೆ ಸಿಟ್ಟು ಬಂದಿತ್ತು. ಹುಡುಗರ ಮುಖಂಡನನ್ನು ಬದಿಗೆ ಕರೆದು ಕೇಳಿದೆ. ಅವನು ಗಾಬರಿಯಾದ. ‘ಸರ್, ಫೋಟೋ ಇಲ್ಲಂದ್ರ ರೊಕ್ಕಾ ಕೊಟ್ಟವ್ರು ನಂಬೂದಿಲ್ರಿ. ಹುಡುಗರು ತಿಂದಾರ ಅಂತಾರ್ರಿ.’

ತಿಂದಾರ! ಹದಿನೆಂಟು ರೂಪಾಯಿ ನೆನಪಾಗಿ ನನ್ನ ಬಾಯಿ ಕಟ್ಟಿತು. ನಮ್ಮಂಥವರು ತಿಂದದ್ದರಿಂದಲೇ ಅಲ್ಲವೇ ಈ ಹುಡುಗರು ಅಕ್ಕನ ಮುಖವನ್ನು ರಸೀದಿಯಾಗಿ ಒಯ್ಯಬೇಕಾದದ್ದು? ಲೆಕ್ಕ ಬೇಕು, ನಿಜ. ಆದರೆ ಲೆಕ್ಕ ವಸ್ತುವಿನದು, ಸೋತು ಕುಳಿತವಳ ಮುಖದ್ದಲ್ಲ. ಸೀರೆಯ ಅಂಗಡಿಯ ಬಿಲ್ಲು ತೋರಿಸಲಿ, ಗಂಟಿನ ಫೋಟೋ ತೆಗೆಯಲಿ, ವಹಿಯಲ್ಲಿ ಸಹಿ ಹಾಕಿಸಿಕೊಳ್ಳಲಿ. ಇಷ್ಟನ್ನೇ ಅವನಿಗೆ ಹೇಳಿದೆ. ಭಜಿಯ ಕಥೆ ಹೇಳಲಿಲ್ಲ, ಧೈರ್ಯವಾಗಲಿಲ್ಲ. ಅವನು ಮೊಬೈಲು ಕಿಸೆಗಿಟ್ಟು ಒಂದು ನೋಟುಬುಕ್ಕು ತರಿಸಿದ. ಅಕ್ಕ ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು.

ಬರೆದು ತಲೆಯೆತ್ತಿ, ‘ಊಟ ಆತೇನೋ?’ ಎಂದು ಕೇಳಿದಳು. ಹುಡುಗ ಇಲ್ಲವೆನ್ನಲೂ ಆಗದೆ ಹೌದೆನ್ನಲೂ ಆಗದೆ ನಿಂತ. ಕೇಂದ್ರದಲ್ಲಿ ತನಗೆ ಕೊಟ್ಟಿದ್ದ ರೊಟ್ಟಿಯಲ್ಲಿ ಒಂದನ್ನು, ಮೇಲೆ ಚೂರು ಶೇಂಗಾ ಚಟ್ನಿ ಇಟ್ಟು, ಅವಳು ಚಾಚಿದಳು. ಅವನು ನನ್ನ ಮುಖ ನೋಡಿದ, ತೆಗೆದುಕೊಳ್ಳಬಹುದೇ ಎಂಬಂತೆ. ‘ಅವನ್ಯಾಕ ನೋಡ್ತಿ, ಕೊಡಾಕಿ ನಾನು’ ಎಂದಳು ಅಕ್ಕ. ಹುಡುಗ ಅಲ್ಲೇ ಕಟ್ಟೆಯ ಮೇಲೆ ಕುಳಿತು ತಿನ್ನತೊಡಗಿದ.