ಬೋಧನೆಯ ಒರೆಗಲ್ಲು

ಚಿನ್ನವನ್ನು ಕೊಳ್ಳುವವನು ಅದನ್ನು ಒರೆಗೆ ಹಚ್ಚಿ ನೋಡುತ್ತಾನೆ. ಎತ್ತನ್ನು ಕೊಳ್ಳುವವನು ಹಲ್ಲನ್ನೆಣಿಸಿ, ನೇಗಿಲಿಗೆ ಹೂಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆದರೆ ಹೊಲವನ್ನು ಒತ್ತೆಯಿಟ್ಟು ಮಗನನ್ನೋ ಮಗಳನ್ನೋ ಇಂಜಿನಿಯರಿಂಗ್ ಕಾಲೇಜಿಗೆ ಕಳುಹಿಸುವ ಗೃಹಸ್ಥನಿಗೆ, ಅಲ್ಲಿ ನಡೆಯುವ ಬೋಧನೆಯ ಸತ್ತ್ವವನ್ನು ತಿಳಿಯಲು ಯಾವ ಒರೆಗಲ್ಲಿದೆ? ಎಳೆಯ ಜೀವದ ನಾಲ್ಕು ವರ್ಷಗಳೂ ಮನೆತನದ ಗಳಿಕೆಯೂ ಪಣವಾಗಿರುವ ಈ ವಿಷಯವನ್ನು ಕೇವಲ ವಿಶ್ವವಿದ್ಯಾಲಯಗಳ ಆಡಳಿತಕ್ಕೆ ಸಂಬಂಧಿಸಿದುದೆಂದು ಬಿಡಲಾಗದು. ಇದು ಧರ್ಮವಿಚಾರವೂ ಅಹುದು.

ಈ ಪ್ರಶ್ನೆಯು ಕನ್ನಡ ನಾಡಿನ ಭಕ್ತರಿಗೆ ಹೊರಗಿನದಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಶಿಕ್ಷಣವು ಬೇರೂರಿತು. 1947ರಲ್ಲಿ ಕೆ.ಎಲ್.ಇ. ಸಂಸ್ಥೆಯು ಹುಬ್ಬಳ್ಳಿಯಲ್ಲಿಯೂ, 1963ರಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ತುಮಕೂರಿನಲ್ಲಿಯೂ, ಅದೇ ವರ್ಷ ಸುತ್ತೂರು ಮಠದ ಆಶ್ರಯದ ವಿದ್ಯಾಪೀಠವು ಮೈಸೂರಿನಲ್ಲಿಯೂ ಇಂಥ ಕಾಲೇಜುಗಳನ್ನು ತೆರೆದುವು. ಮಠಗಳ ದಾಸೋಹವು ಅನ್ನಕ್ಕೆ ನಿಲ್ಲದೆ ಯಂತ್ರವಿದ್ಯೆಯವರೆಗೂ ಹರಿದ ಮೇಲೆ, ಆ ವಿದ್ಯೆಯ ಗುಣವನ್ನು ವಿಚಾರಿಸುವ ಹೊಣೆಯೂ ಭಕ್ತಸಮುದಾಯದ ಪಾಲಿಗೆ ಬಂದಿತು.

ಇಲ್ಲಿ ಮೊದಲೊಂದು ಶಂಕೆಯುಂಟಾಗುತ್ತದೆ. ಬೋಧಿಸುವವನು ಗುರುಸ್ಥಾನದಲ್ಲಿರುವವನು; ಅವನನ್ನು ಅಳೆಯಹೊರಡುವುದು ಅವಿನಯವಲ್ಲವೆ? ಇದಕ್ಕೆ ಸಮಾಧಾನವೇನೆಂದರೆ, ಭಕ್ತಿಯು ಕಣ್ಣನ್ನು ಮುಚ್ಚಿಕೊಳ್ಳುವುದಲ್ಲ. ವೇತನವನ್ನು ಪಡೆದು ಮಾಡುವ ಬೋಧನೆಯು ಒಂದು ಕಾಯಕ. ಕಾಯಕವೆನಿಸಿದ ಮೇಲೆ ಅದರ ಶುದ್ಧಾಶುದ್ಧಗಳ ವಿಚಾರವು ತಪ್ಪದು. ನೇಕಾರನು ತನ್ನ ಸೀರೆಯನ್ನು ಸಂತೆಯಲ್ಲಿ ಬಿಚ್ಚಿ ತೋರಿಸಲು ಅಂಜುವುದಿಲ್ಲ, ಅಧ್ಯಾಪಕನೂ ಅಂಜಬೇಕಾದುದಿಲ್ಲ. ಅಳೆಯಬೇಕೆಂಬುದರಲ್ಲಿ ವಿವಾದವಿಲ್ಲ. ಯಾವುದರಿಂದ ಅಳೆಯಬೇಕೆಂಬುದೇ ವಿವಾದ. ಮಾನವು ಡೊಂಕಾಗಿದ್ದರೆ ಮೇಯದ ಜ್ಞಾನವೂ ಡೊಂಕಾಗುವುದೆಂಬುದು ತಾರ್ಕಿಕರ ಮೂಲಸಿದ್ಧಾಂತವಾಗಿದೆ.

ಈಗ ಲೋಕದಲ್ಲಿ ಮೂರು ಮಾನಗಳು ಬಳಕೆಯಲ್ಲಿವೆ. ಮೊದಲನೆಯದು ಉದ್ಯೋಗ. ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಎಷ್ಟು ಸಂಬಳದ ನೌಕರಿ ದೊರೆಯಿತೆಂಬುದನ್ನು ಕಾಲೇಜುಗಳು ದೊಡ್ಡ ಅಕ್ಷರಗಳಲ್ಲಿ ಸಾರುತ್ತವೆ. ಉಣ್ಣುವ ಅನ್ನವನ್ನು ಹಳಿಯುವಂತಿಲ್ಲ. ಆದರೆ 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳು ನೇಮಕವನ್ನು ತಗ್ಗಿಸಿದುವು. ಆ ವರ್ಷ ಅಧ್ಯಾಪಕರ ಪಾಠವೂ ತಗ್ಗಿತೆನ್ನಬಹುದೆ? ಸೇತುವೆ ಕಟ್ಟುವ ವಿದ್ಯೆಯನ್ನು ಕಲಿತವನು ಸಾಫ್ಟ್‌ವೇರ್ ಬರೆಯುವ ನೌಕರಿಗೆ ಸೇರಿದರೆ, ಆ ನೌಕರಿಯು ಸೇತುವೆಯ ಪಾಠಕ್ಕೆ ಹೇಗೆ ಸಾಕ್ಷಿಯಾದೀತು? ಉದ್ಯೋಗವು ಪೇಟೆಯ ಏರಿಳಿತವನ್ನು ತೋರಿಸುವಷ್ಟು ಸ್ಪಷ್ಟವಾಗಿ ಪಾಠದ ಗುಣವನ್ನು ತೋರಿಸಲಾರದು.

ಎರಡನೆಯದು ಕಡತ. ತಾಂತ್ರಿಕ ಶಿಕ್ಷಣದ ಪರಿಶೀಲನೆಗೆಂದು 1994ರಲ್ಲಿ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಸ್ಥಾಪಿತವಾಯಿತು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಪಡೆಯಿತು. ಇದರೊಡನೆ ಫಲಿತಾಂಶಾಧಾರಿತ ಶಿಕ್ಷಣವೆಂಬ ಪದ್ಧತಿಯು ನೆಲೆಗೊಂಡಿತು. ವಿಷಯವನ್ನು ಓದಿದವನು ಏನನ್ನು ಮಾಡಬಲ್ಲವನಾಗಬೇಕೆಂಬುದನ್ನು ಮೊದಲೇ ಬರೆದಿಟ್ಟು, ಅದು ಎಷ್ಟರಮಟ್ಟಿಗೆ ಸಿದ್ಧಿಸಿತೆಂಬುದನ್ನು ಕೊನೆಗೆ ಲೆಕ್ಕ ಹಾಕುವುದೇ ಈ ಪದ್ಧತಿ. ಏನನ್ನು ಕಲಿಸಿದೆಯೆಂದು ಕೇಳದೆ ಏನನ್ನು ಕಲಿತರೆಂದು ಕೇಳುವ ಇದರ ಆಶಯವು ನಿಜವಾಗಿಯೂ ಸ್ತುತ್ಯವಾದುದು. ಆದರೆ ಗುರಿಯನ್ನು ಬರೆಯುವವನೂ, ಕಿರುಪರೀಕ್ಷೆಯ ಪ್ರಶ್ನೆಯನ್ನು ತೆಗೆಯುವವನೂ, ಅಂಕವನ್ನು ಕೊಡುವವನೂ, ಸಿದ್ಧಿಯ ಲೆಕ್ಕವನ್ನು ತುಂಬುವವನೂ ಬಹುಮಟ್ಟಿಗೆ ಒಬ್ಬನೇ ಆಗಿರುವಲ್ಲಿ ಎಚ್ಚರವು ತಪ್ಪಿದರೆ, ಬಾಣವನ್ನು ಬಿಟ್ಟು ಅದು ನಟ್ಟ ಕಡೆ ಗುರಿಯ ಗೆರೆಯನ್ನೆಳೆದಂತಾಗುತ್ತದೆ. ಪಾಠದ ಸಿದ್ಧತೆಗೆ ಸಲ್ಲಬೇಕಾದ ಹೊತ್ತನ್ನು ಪಟ್ಟಿಗಳೇ ನುಂಗಿದರೆ, ಅಳತೆಯೇ ಅಳೆಯಬೇಕಾದುದನ್ನು ಕೆಡಿಸಿದಂತಾಯಿತು.

ಮೂರನೆಯದು ವಿದ್ಯಾರ್ಥಿಗಳ ಅಭಿಪ್ರಾಯ. ಪಾಠದ ಬಿಸಿಯನ್ನು ಅನುಭವಿಸುವವನು ವಿದ್ಯಾರ್ಥಿ. ಅವನ ಮಾತನ್ನು ಕೇಳಲೇಬೇಕು. ಅಧ್ಯಾಪಕನು ಹೊತ್ತಿಗೆ ಬರುವನೆ, ಪ್ರಶ್ನೆ ಕೇಳಿದವನನ್ನು ಹೀಯಾಳಿಸುವನೆ ಎಂಬುದಕ್ಕೆ ಅವನಿಗಿಂತ ಮಿಗಿಲಾದ ಸಾಕ್ಷಿಯಿಲ್ಲ. ಆದರೆ ತಾನು ಎಷ್ಟು ಕಲಿತೆನೆಂಬುದು ಆಗಲೇ ಅವನಿಗೆ ತಿಳಿಯುವುದೆ? ಅಮೆರಿಕದ ಕೊಲೊರಾಡೊ ಪ್ರಾಂತದ ವಾಯುಸೇನಾ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು ಆರಿಸಿಕೊಳ್ಳುವಂತಿಲ್ಲ. ತರಗತಿಗಳಿಗೆ ಅವರನ್ನು ಚೀಟಿಯೆತ್ತಿದಂತೆ ಹಂಚುತ್ತಾರೆ, ಪರೀಕ್ಷೆಯೂ ಎಲ್ಲರಿಗೂ ಒಂದೇ. ಅಲ್ಲಿನ ಹತ್ತು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ, ಕ್ಯಾರೆಲ್ ಮತ್ತು ವೆಸ್ಟ್ ಎಂಬ ವಿದ್ವಾಂಸರು 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಲನಶಾಸ್ತ್ರದ ಮೊದಲ ಪಾಠದಲ್ಲಿ ಅನುಭವ ಕಡಮೆಯಾದ ಅಧ್ಯಾಪಕರ ಶಿಷ್ಯರು ಹೆಚ್ಚು ಅಂಕಗಳನ್ನು ಪಡೆದರು, ಅಧ್ಯಾಪಕರನ್ನು ಹೆಚ್ಚು ಮೆಚ್ಚಿದರು. ಆದರೆ ಆ ಗಣಿತವನ್ನೇ ತಳಹದಿಯಾಗುಳ್ಳ ಮುಂದಿನ ವಿಷಯಗಳಲ್ಲಿ, ಅನುಭವಶಾಲಿಗಳ ಕೈಕೆಳಗೆ ಕಲಿತವರೇ ಮುಂದಾದರು. ನಾಲಗೆಗೆ ಹಿತವಾದುದೆಲ್ಲ ಹೊಟ್ಟೆಗೆ ಹಿತವಲ್ಲವೆಂಬ ಗೃಹಿಣಿಯರ ತಿಳಿವಳಿಕೆಗೆ ಲೆಕ್ಕದ ಆಧಾರವೂ ದೊರೆತಂತಾಯಿತು.

ಬೋಧಕರ ಪರೀಕ್ಷೆಯು ಹೊಸ ಕಾಲದ ಕಲ್ಪನೆಯಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ಯಾರು ಮೇಲೆಂಬ ಜಗಳವುಂಟಾಗುತ್ತದೆ. ತಾನು ಬಲ್ಲವನಾಗಿರುವುದು ಬೇರೆ, ಬಲ್ಲುದನ್ನು ಶಿಷ್ಯನಲ್ಲಿ ಇಳಿಸುವುದು ಬೇರೆ ಎಂಬ ಭೇದವನ್ನು ತೋರಿಸಿ, ಶಿಷ್ಯರ ಪ್ರಯೋಗದಿಂದಲೇ ಆಚಾರ್ಯರನ್ನು ಪರೀಕ್ಷಿಸಬೇಕೆಂದು ಪರಿವ್ರಾಜಿಕೆಯಾದ ಕೌಶಿಕಿಯು ನಿರ್ಣಯಿಸುತ್ತಾಳೆ. ನಿರ್ಣಯವೇನೋ ಸರಿಯಾದುದೇ. ಆದರೆ ಆ ಪರೀಕ್ಷೆಯ ಒಳಗುಟ್ಟು, ಶಿಷ್ಯೆಯಾದ ಮಾಲವಿಕೆಯನ್ನು ಕಣ್ತುಂಬ ನೋಡಬೇಕೆಂಬ ರಾಜನ ಹಂಬಲ. ಅದು ಈಡೇರಿದೊಡನೆ ಮಧ್ಯಾಹ್ನವಾಯಿತೆಂಬ ನೆವದಿಂದ ಹರದತ್ತನ ಸರದಿಯು ಮರುದಿನಕ್ಕೆ ಹೋಯಿತು. ಪರೀಕ್ಷಿಸುವವನ ಮನಸ್ಸು ಬೇರೆಲ್ಲಿಯೋ ಇದ್ದರೆ ಉತ್ತಮವಾದ ಮಾನವೂ ನಾಟಕವಾಗುತ್ತದೆ. ಶ್ರೇಣಿಯ ಅಕ್ಷರಕ್ಕಾಗಿ, ಪ್ರವೇಶಶುಲ್ಕವನ್ನು ಏರಿಸುವುದಕ್ಕಾಗಿ ನಡೆಸುವ ಪರೀಕ್ಷೆಯೂ ಇಂಥದೇ.

ಹಾಗಾದರೆ ಅಳೆಯಬೇಕಾದುದು ಯಾವುದು? ಬೋಧಕನು ಎದುರಿಗಿಲ್ಲದಾಗ ಶಿಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬುದು. ಇಂಜಿನಿಯರನ ನಡತೆಯು ಎಷ್ಟು ಪ್ರಾಣಗಳಿಗೆ ಆಧಾರವೆಂಬುದಕ್ಕೆ ಕೆನಡಾ ದೇಶದ ಕ್ವಿಬೆಕ್ ಸೇತುವೆಯೇ ನಿದರ್ಶನ. ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ಆ ಸೇತುವೆಯ ನಡುಹರವನ್ನು 1600 ಅಡಿಗಳಿಂದ 1800 ಅಡಿಗಳಿಗೆ ಹೆಚ್ಚಿಸಿದರು. ಆದರೆ ಉಕ್ಕಿನ ಸ್ವಂತ ಭಾರವನ್ನು ಸಕಾಲದಲ್ಲಿ ಮತ್ತೆ ಲೆಕ್ಕ ಹಾಕಲಿಲ್ಲ. 1907ರ ಆಗಸ್ಟ್ 29ರಂದು ಅದು ಕುಸಿದು 75 ಮಂದಿ ಕೆಲಸಗಾರರು ಮಡಿದರು. ಉದ್ದವು ಬೆಳೆದರೆ ಭಾರವೂ ಬೆಳೆಯುವುದೆಂಬುದು ಅಲ್ಲಿನವರು ಅರಿಯದ ಸೂತ್ರವಾಗಿರಲಿಲ್ಲ; ಅರಿವು ಆಚಾರಕ್ಕೆ ಇಳಿಯಲಿಲ್ಲ. ಕೆನಡಾದಲ್ಲಿ 1925ರಿಂದ, ಹೊಸ ಇಂಜಿನಿಯರರು ಪ್ರತಿಜ್ಞೆ ಮಾಡಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಕಬ್ಬಿಣದುಂಗುರವೆಂದು ಹೆಸರಾದ ಸಾದಾ ಉಂಗುರವನ್ನು ಧರಿಸುವ ರೂಢಿಯುಂಟು. ನಕ್ಷೆಯನ್ನು ಬರೆಯುವಾಗ ಅದು ಕಾಗದಕ್ಕೆ ತಾಗಿ ಹೊಣೆಯನ್ನು ನೆನಪಿಸುತ್ತದೆ. ಯಾರೂ ನೋಡದಿದ್ದಾಗಲೂ ಲೆಕ್ಕವನ್ನು ಎರಡನೆಯ ಸಲ ಹಾಕುವ ಮನಸ್ಸನ್ನು ಬೆಳೆಸಿದ್ದರೆ ಬೋಧನೆಯು ಸಫಲ. ಅದನ್ನು ಬೆಳೆಸದಿದ್ದರೆ ಅಂಕಗಳೆಷ್ಟಿದ್ದರೂ ವಿಫಲ.

ಇಂಥ ಫಲವು ಮಾವಿನ ಸಸಿಯಂತೆ ತಡವಾಗಿ ಕಾಣುವಂಥದು. ಆದರೂ ಅಳೆಯಲಾಗದ್ದೇನೂ ಅಲ್ಲ. ಮೊದಲ ವರ್ಷದ ಅಧ್ಯಾಪಕನ ಗುಣವನ್ನು ಎರಡನೆಯ ವರ್ಷದ ಅಧ್ಯಾಪಕನಿಂದ ತಿಳಿಯಬೇಕು. ಹಿಂದೆ ಕಾಣದ ಸಮಸ್ಯೆಯೊಂದನ್ನು ವಿದ್ಯಾರ್ಥಿಯ ಮುಂದಿಟ್ಟು, ಅವನು ಎಲ್ಲಿಂದ ಆರಂಭಿಸುವನೆಂದು ನೋಡಬೇಕು. ಬೇರೆ ಕಾಲೇಜಿನ ಬಲ್ಲವರು ತರಗತಿಯ ಹಿಂಬದಿಯಲ್ಲಿ ಕುಳಿತು ಪಾಠವನ್ನು ಕೇಳಬೇಕು. ಪದವಿಯಾಗಿ ಐದಾರು ವರ್ಷ ಕಳೆದವರನ್ನು, ಯಾರ ಪಾಠವು ಕೆಲಸದಲ್ಲಿ ಕೈಹಿಡಿಯಿತೆಂದು ಕೇಳಬೇಕು. ಇವೆಲ್ಲವೂ ನಿಧಾನದ ಮಾರ್ಗಗಳು, ಪಟ್ಟಿಯಲ್ಲಿ ಸುಲಭವಾಗಿ ಕೂರದಂಥವು. ಸುಲಭವಾಗಿ ಎಣಿಕೆಗೆ ಸಿಗುವುದನ್ನೇ ಸತ್ಯವೆಂದು ಸಾರುವುದು ಅಳೆಯುವವನ ಅಧರ್ಮ. ಅಳತೆಯು ಕಷ್ಟವೆಂಬ ನೆವದಿಂದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವುದು ಕಲಿಸುವವನ ಅಧರ್ಮ.

ಆದುದರಿಂದ ಮಕ್ಕಳನ್ನು ಸೇರಿಸಹೋಗುವ ಸದ್ಭಕ್ತರು ಕಟ್ಟಡದ ಎತ್ತರವನ್ನೂ ಫಲಕದ ಅಂಕಿಗಳನ್ನೂ ನೋಡಿ ಹಿಂದಿರುಗದೆ, ಪ್ರಯೋಗಶಾಲೆಯ ಬಾಗಿಲನ್ನು ತೆರೆಯಿಸಿ ನೋಡಲಿ. ಅಲ್ಲಿನ ಯಂತ್ರಗಳು ಹುಡುಗರ ಕೈತಾಗಿ ಸವೆದಿವೆಯೋ, ಧೂಳು ಮುಸುಕಿ ಹೊಸದಾಗಿಯೇ ಉಳಿದಿವೆಯೋ ಪರೀಕ್ಷಿಸಲಿ. ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕರೆದು, ಅವನು ಕಲಿತುದನ್ನು ತಿಳಿಗನ್ನಡದಲ್ಲಿ ಹೇಳುವಂತೆ ಕೇಳಲಿ. ಅವನ ಉತ್ತರದಲ್ಲಿ ಅವನ ಅಧ್ಯಾಪಕರೆಲ್ಲರ ಕಾಯಕವೂ ಕಾಣುವುದು.